ಮುಳುಗಿದ ಮನೆಯ ಕಂಬಗಳ ನಡುವೆ

ಸಾಗರದಿಂದ ಆವಿನಹಳ್ಳಿ ದಾಟಿ ಹೊಳೆಬಾಗಿಲಿನ ಕಡೆಗೆ ಹೋಗುವ ರಸ್ತೆಯಲ್ಲಿ ಹಿಂದೆಲ್ಲ ಬಸ್ಸಿನವರು ಗಡಿಯಾರ ನೋಡಿಕೊಂಡೇ ಓಡಿಸುತ್ತಿದ್ದರು. ಹಿನ್ನೀರು ದಾಟಿಸುವ ಒಂದು ಲಾಂಚ್ ತಪ್ಪಿದರೆ ಇನ್ನೊಂದಕ್ಕೆ ಕಾಯಬೇಕು. ಸಂಜೆಯ ಕೊನೆಯದು ತಪ್ಪಿದರೆ ಆ ರಾತ್ರಿ ಈಚೆ ದಡದಲ್ಲೇ. ಈಗ ಆ ಅವಸರ ಯಾರಿಗೂ ಇಲ್ಲ. ಅಂಬಾರಗೋಡ್ಲಿನಿಂದ ಕಳಸವಳ್ಳಿಯವರೆಗೆ ಶರಾವತಿ ಹಿನ್ನೀರಿನ ಮೇಲೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದುಕೊಂಡಿತು. ಆ ವರ್ಷದ ಚಳಿಗಾಲದಲ್ಲಿ ಶಿವಮೊಗ್ಗದಿಂದ ಕಾರಿನಲ್ಲಿ ಹೊರಟ ನಾವು ಕಿಟಕಿ ಇಳಿಸಿ ನೀರು ನೋಡಿ ಮುಗಿಸುವಷ್ಟರಲ್ಲಿ ಆಚೆ ದಡ ಸೇರಿದ್ದೆವು. ನನ್ನ ಹೆಂಡತಿಯ ಅಣ್ಣನಿಗೆ ಇದರಿಂದ ಬಹಳ ಬೇಸರವಾಯಿತು. ಬೆಂಗಳೂರಿನಿಂದ ಬರುವಾಗಲೇ ಭಾವ ಲಾಂಚಿನ ಕನಸು ಕಟ್ಟಿಕೊಂಡು ಬಂದಿದ್ದರು. ‘ದ್ವೀಪಕ್ಕೆ ಡಾಂಬರು ರಸ್ತೆಯಲ್ಲಿ ಬರುವುದೆಂದರೇನು?’ ಎಂದು ತುಮರಿ ದಾಟುವವರೆಗೂ ಗೊಣಗುತ್ತಲೇ ಇದ್ದರು.

ಕರೂರು ಮತ್ತು ಭಾರಂಗಿ ಹೋಬಳಿಗಳ ಈ ಸೀಮೆಗೆ ಮೂರು ಕಡೆ ನೀರು. ಪಡುವಣಕ್ಕೆ ಘಟ್ಟ ಮತ್ತು ದಟ್ಟ ಕಾಡು. ಕೋಗಾರು ಬಳಸಿ ಕಾರ್ಗಲ್ಲಿಗೂ ನಾಗೋಡಿಯ ಮೇಲೆ ಕೊಲ್ಲೂರಿಗೂ ರಸ್ತೆಯುಂಟು. ಆದರೆ ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲವೂ ಇರುವುದು ನೀರಿನಾಚೆಯ ಸಾಗರದಲ್ಲಿ. ಹೀಗಾಗಿ ಆರು ದಶಕಗಳ ಕಾಲ ಇಲ್ಲಿನವರ ದಿನಚರಿಯನ್ನು ಬರೆದದ್ದು ಲಾಂಚಿನ ವೇಳಾಪಟ್ಟಿ.

ನಾವು ಉಳಿದುಕೊಂಡದ್ದು ಮುಖ್ಯ ರಸ್ತೆಯಿಂದ ಒಳಗೆ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿರುವ ಒಂದು ಚೌಕಿ ಮನೆಯಲ್ಲಿ. ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ, ತೋಟದ ತುದಿಗೆ ಹಿನ್ನೀರು. ಹೋಂಸ್ಟೇ ಎಂಬ ಫಲಕ ದಣಪೆಯ ಪಕ್ಕದಲ್ಲಿ ಇದೆಯೋ ಇಲ್ಲವೋ ಎಂಬಷ್ಟು ಚಿಕ್ಕದು. ಹೆಬ್ಬಾಗಿಲು ತಗ್ಗು, ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಒಳಗೆ ಹೋದರೆ ಆಕಾಶಕ್ಕೆ ತೆರೆದ ಚೌಕ ಅಂಗಳ, ಮಧ್ಯದಲ್ಲಿ ತುಳಸಿ ಕಟ್ಟೆ, ಸುತ್ತಲೂ ಜಗುಲಿ, ಜಗುಲಿಯ ಅಂಚಿಗೆ ಹಲಸಿನ ಮರದ ಕಂಬಗಳ ಸಾಲು. ಕೆಂಪು ಗಾರೆಯ ನೆಲ ನಡೆದು ನಡೆದೇ ಕನ್ನಡಿಯಾಗಿತ್ತು.

ಭಟ್ಟರು, ಅಂದರೆ ಮನೆಯ ಯಜಮಾನರು, ಆಸರಿಗೆಗೆಂದು ಬೆಲ್ಲ ನೀರು ಕೊಟ್ಟು, ನಾವು ಕುಡಿದು ಮುಗಿಸುವ ಮೊದಲೇ ಒಂದು ಕಂಬದ ಬುಡಕ್ಕೆ ಬೆರಳು ತೋರಿಸಿದರು. ಅಲ್ಲಿ ಉಳಿಯಿಂದ ಕೆತ್ತಿದ ಸಣ್ಣ ಗೀರುಗಳಿದ್ದವು. ಪಕ್ಕದ ಕಂಬದಲ್ಲಿ ಅದೇ ಬಗೆಯ ಗೀರು, ಒಂದು ಹೆಚ್ಚು. ಮೂಲೆ ತಿರುಗಿದ ಮೇಲೆ ಗೀರಿನ ಬದಲು ಗುಣಿಸು ಗುರುತು. ತೊಲೆ, ಬೋದಿಗೆ, ಬಾಗಿಲುವಾಡ, ಎಲ್ಲಿ ನೋಡಿದರೂ ಇಂಥದ್ದೇ ಲೆಕ್ಕ. ಈ ಮನೆ ಮೊದಲು ಇದ್ದದ್ದು ಇಲ್ಲಲ್ಲ, ಈಗ ನೀರಿರುವ ಕಡೆ, ಹೊಳೆಯ ದಂಡೆಯ ಹಳೆಯ ಊರಿನಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದಾಗ ಭಟ್ಟರ ಅಜ್ಜ ಆಚಾರಿಯನ್ನು ಕರೆಸಿ, ಪ್ರತಿ ಮರಕ್ಕೂ ಗುರುತು ಹಾಕಿಸಿ, ಮನೆಯನ್ನು ಬಿಚ್ಚಿಸಿ, ಗಾಡಿಯ ಮೇಲೆ ಹೇರಿಸಿಕೊಂಡು ಗುಡ್ಡ ಹತ್ತಿದ್ದರು. ಗೋಡೆಯ ಮಣ್ಣನ್ನು ಮಾತ್ರ ತರಲಾಗಲಿಲ್ಲ. ಹೆಂಚುಗಳಲ್ಲಿ ಎಷ್ಟೋ ದಾರಿಯಲ್ಲೇ ಒಡೆದವಂತೆ. ಈಶಾನ್ಯದ ಮೂಲೆಯ ಕಂಬಕ್ಕೆ ಯಾವ ಗುರುತೂ ಇಲ್ಲ. ಹಳೆಯದು ಸೀಳಿಹೋಗಿ ಹೊಸದಾಗಿ ಮಾಡಿಸಿದ್ದು. ಹೊಸದೆಂದರೂ ನನಗಿಂತ ಹಿರಿಯದು.

ಲಿಂಗನಮಕ್ಕಿ ಪೂರ್ತಿಯಾದದ್ದು 1964ರಲ್ಲಿ. ಅದಕ್ಕೂ ಮೊದಲು 1948ರಲ್ಲೇ ಮಡೇನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಆಗಿತ್ತು. ಜೋಗದ ಕೆಳಗಿನ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಕೊಡುವುದಕ್ಕೆಂದು ಕಟ್ಟಿದ್ದು. ಅದರ ನೀರು ಈ ಮನೆತನದ ಗದ್ದೆಗಳನ್ನು ಮೊದಲು ತೆಗೆದುಕೊಂಡಿತು. ಹದಿನಾರು ವರ್ಷ ಕಳೆದ ಮೇಲೆ ಲಿಂಗನಮಕ್ಕಿಯ ನೀರು ಬಂದು ಮನೆಯ ಜಾಗವನ್ನೂ ತೋಟವನ್ನೂ, ಸಾಲದ್ದಕ್ಕೆ ಆ ಹಿರೇಭಾಸ್ಕರ ಅಣೆಕಟ್ಟನ್ನೂ ಮುಳುಗಿಸಿತು. ಕಡು ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಗೋಡೆ ಮತ್ತು ಸೈಫನ್ನುಗಳು ಈಗಲೂ ಮೇಲೇಳುತ್ತವೆ. ನೋಡಲು ಜನ ಸಾಲುಗಟ್ಟಿ ಹೋಗುತ್ತಾರೆ.

ಈ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಖ್ಯೆಯೊಂದಿದೆ: 1819 ಅಡಿ. ಜಲಾಶಯದ ಗರಿಷ್ಠ ಮಟ್ಟ. ಅಧಿಕಾರಿಗಳು ಗುಡ್ಡದ ಮೈಮೇಲೆ ಆ ಮಟ್ಟದ ಗುರುತು ಕಲ್ಲು ನೆಟ್ಟು ಹೋದ ಮೇಲೆ ಅಜ್ಜ ಅದಕ್ಕಿಂತ ಸ್ವಲ್ಪ ಮೇಲೆ ಪಾಯ ತೋಡಿಸಿದರು. ಊರಿನ ಉಳಿದ ಎಷ್ಟೋ ಕುಟುಂಬಗಳಿಗೆ ಹಾಗೆ ಮೇಲೆ ಹತ್ತುವ ಜಾಗವಿರಲಿಲ್ಲ. ಅವರನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ, ಭದ್ರಾವತಿ, ಹೊಸನಗರದ ಕಾಡುಗಳ ನಡುವೆ ಇಳಿಸಲಾಯಿತು. ಅಲ್ಲಿ ಸಾಗುವಳಿ ಮಾಡಿದ ನೆಲಕ್ಕೆ ಹಕ್ಕುಪತ್ರ ಸಿಗದೆ ಮೂರನೆಯ ತಲೆಮಾರು ಇನ್ನೂ ಕಚೇರಿಗಳಿಗೆ ಅಲೆಯುತ್ತಿದೆ. ಹಕ್ಕುಪತ್ರಕ್ಕಾಗಿ ಮೆರವಣಿಗೆಗಳು ನಡೆದಾಗಲೆಲ್ಲ ಶಿವಮೊಗ್ಗದ ಬೀದಿಯಲ್ಲಿ ನಿಂತು ನೋಡಿದವನು ನಾನು. ಭಟ್ಟರು ಇಂದಿಗೂ ಪತ್ರಿಕೆ ಬಂದೊಡನೆ ಮೊದಲು ಓದುವುದು ಜಲಾಶಯದ ಮಟ್ಟವನ್ನು.

ಇನ್ನು ಅತಿಥಿಗಳ ಸೌಕರ್ಯದ ಮಾತು. ಕೋಣೆಗಳಲ್ಲಿ ಎರಡು ಕೆಳಗೆ, ಎರಡು ಮೆತ್ತಿನ ಮೇಲೆ. ಮೇಲಿನವು ಹಿಂದೆ ಅಡಿಕೆ ಮೂಟೆ ಇಡುತ್ತಿದ್ದ ಜಾಗ. ಹಲಗೆಗಳಿಂದ ಚೊಗರಿನ ವಾಸನೆ ಇನ್ನೂ ಹೋಗಿಲ್ಲ, ಹೋಗುವುದೂ ಬೇಡ. ಹೆಂಚಿನ ನಡುವೆ ಕೂರಿಸಿದ ಗಾಜಿನ ಹೆಂಚಿನಿಂದ ಬೆಳಗಿನ ಬಿಸಿಲು ಹಾಸಿಗೆಗೇ ಬೀಳುತ್ತದೆ. ಹೊಸ ಕಾಲದ ಶೌಚಾಲಯವನ್ನು ಕೋಣೆಗೆ ಅಂಟಿಸಿ ಕಟ್ಟಿದ್ದಾರೆ, ಅದು ಸರಿ. ಸ್ನಾನಕ್ಕೆ ಮಾತ್ರ ಹಿತ್ತಿಲ ಬಚ್ಚಲಿಗೇ ಹೋಗುವುದು ಒಳ್ಳೆಯದು: ತಾಮ್ರದ ಹಂಡೆ, ಅಡಿಯಲ್ಲಿ ಒಣ ಸೋಗೆಯ ಬೆಂಕಿ, ಬೇಕೆನ್ನುವಷ್ಟು ಬಿಸಿನೀರು. ನನಗೆ ಹಿಡಿಸದ್ದು ಎರಡು. ಮುಂದಿನ ಸಾಲಿನ ಕಂಬಗಳಿಗೆ ಹೊಳೆಯುವ ವಾರ್ನಿಷ್ ಬಳಿದಿದ್ದಾರೆ. ಆಚಾರಿಯ ಗುರುತುಗಳು ಅದರಡಿಯಲ್ಲಿ ಅರ್ಧ ಮುಚ್ಚಿಹೋಗಿವೆ. ಇನ್ನೊಂದು, ಅಂಗಳದ ಸುತ್ತ ಎಳೆದಿರುವ ಬಣ್ಣಬಣ್ಣದ ಮಿಣುಕು ದೀಪದ ಸರ. ‘ಅತಿಥಿಗಳಿಗೆ ಫೋಟೋಕ್ಕೆ ಬೇಕಂತೆ’ ಎಂದು ಭಟ್ಟರು ತಮಗೇ ಒಪ್ಪಿಗೆಯಿಲ್ಲದ ದನಿಯಲ್ಲಿ ಹೇಳಿದರು. ಆರಿಸಿಬಿಡಿ ಎಂದು ಕೇಳಿಕೊಂಡೆವು, ಸಂತೋಷದಿಂದಲೇ ಆರಿಸಿದರು. ಅಷ್ಟಕ್ಕೂ ಶರಾವತಿಯ ನೀರಿನಿಂದ 1035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ನಡೆಯುತ್ತಿದ್ದರೂ ಹಿನ್ನೀರಿನ ಸುತ್ತಲಿನ ಹಳ್ಳಿಗಳು ಎಷ್ಟೋ ವರ್ಷ ಚಿಮಣಿ ದೀಪದಲ್ಲೇ ಬದುಕಿದವು. ಆ ಚಿಮಣಿ ಕಂಡ ಮನೆಗೆ ಈ ಮಿಣುಕು ಸರ ಒಗ್ಗುವುದಿಲ್ಲ.

ಊಟದ ಬಗ್ಗೆ ಬರೆಯದಿದ್ದರೆ ಮನೆಯ ಯಜಮಾನಿ ಅಮ್ಮನವರಿಗೆ ಅನ್ಯಾಯವಾಗುತ್ತದೆ. ಬೆಳಿಗ್ಗೆ ತೆಳ್ಳೇವು, ಜೋನಿ ಬೆಲ್ಲ, ಮೇಲೆ ಒಂದು ಮಿಳ್ಳೆ ತುಪ್ಪ. ಮಧ್ಯಾಹ್ನ ಬಾಳೆ ಎಲೆಯ ಮೇಲೆ ಒಂದೆಲಗದ ತಂಬುಳಿ, ಸೌತೆಕಾಯಿ ಹಶಿ, ಕೆಸುವಿನ ಪತ್ರೊಡೆ, ಕೊನೆಗೆ ಲೋಟದಲ್ಲಿ ಅಪ್ಪೆಹುಳಿ. ಅದು ಗಂಟಲು ಸೇರಿದ ಮೇಲೆ ಮಾತು ನಿಲ್ಲುತ್ತದೆ, ನಿದ್ದೆ ಬರುತ್ತದೆ. ಮಾವಿನ ಮಿಡಿಯ ಜಾಡಿಯನ್ನು ಅಮ್ಮನವರು ನಾಗಂದಿಗೆಯಿಂದ ತಾವೇ ಇಳಿಸಿದರು. ಬೇರೆಯವರ ಕೈಗೆ ಕೊಡುವುದಿಲ್ಲ. ಒಳ್ಳೆಯ ಅಪ್ಪೆಮಿಡಿ ಮರಗಳು ಬೆಳೆಯುವುದು ಹೊಳೆದಂಡೆಯಲ್ಲಿ. ಹೊಳೆದಂಡೆಯೇ ಮುಳುಗಿದ ಮೇಲೆ ಅವರ ಅತ್ತೆಯ ಕಾಲದ ಮರಗಳೂ ಹೋದವು. ಈಗಿನ ಮಿಡಿ, ಹಾಗೆ ಮುಳುಗುವ ಮುಂಚೆ ತಂದು ಕಸಿ ಕಟ್ಟಿದ ಒಂದು ಮರದ್ದಂತೆ. ಜಾಡಿ ತೆರೆದಾಗ ಜೀರಿಗೆಯ ಪರಿಮಳ ಜಗುಲಿಯವರೆಗೆ ಬಂತು.

ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯುವವರು ಕೂಡಿದರು. ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ಕಾಯಿಯನ್ನು ಕತ್ತಿಗೆ ಕೊಟ್ಟು, ಮಣಿಕಟ್ಟು ತಿರುಗಿಸುವಷ್ಟರಲ್ಲಿ ಸಿಪ್ಪೆ ಅತ್ತ, ಬೆಟ್ಟೆ ಇತ್ತ. ಭಾವ ಒಂದು ಕೈ ನೋಡಿದರು. ಅವರ ಒಂದು ಕಾಯಿ ಮುಗಿಯುವಾಗ ಪಕ್ಕದ ಅಜ್ಜಿಯ ಬುಟ್ಟಿ ಅರ್ಧ ತುಂಬಿತ್ತು. ಈ ವರ್ಷ ಎಲೆ ಚುಕ್ಕಿ ರೋಗ ಎಲ್ಲಿಯವರೆಗೆ ಬಂತು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣವನ್ನು ಎಷ್ಟು ಸಲ ಹೊಡೆದರು, ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ಯಾವ ದಿನ ಸಿಗುತ್ತಾನೆ, ಮಾತೆಲ್ಲ ಇದೇ. ತೋಟದ ಆದಾಯ ಹೀಗೆ ಅಲುಗಾಡುತ್ತಿರುವುದರಿಂದಲೇ ಮೆತ್ತಿನ ಮೇಲೆ ಹಾಸಿಗೆ ಹಾಕಬೇಕಾಯಿತು ಎಂಬುದನ್ನು ಭಟ್ಟರು ಮುಚ್ಚಿಡಲಿಲ್ಲ.

ಆ ಹೊತ್ತಿಗೆ ಭಾವ ಮತ್ತೆ ಲಾಂಚಿನ ಮಾತು ತೆಗೆದರು. ‘ಏನೇ ಹೇಳಿ ಭಟ್ಟರೇ, ಸೇತುವೆಯಾಗಿ ನಿಮ್ಮ ಊರಿನ ಸೊಗಸು ಹೋಯಿತು.’

ಭಟ್ಟರು ನಕ್ಕು ಸುಮ್ಮನಾದರು. ಉತ್ತರ ಬಂದದ್ದು ಒಳಬಾಗಿಲಿನಿಂದ. ‘ನೀವು ಒಂದು ದಿನ ಲಾಂಚ್ ಹತ್ತುವವರು, ನಿಮಗೆ ಸೊಗಸು. ನನ್ನ ಎರಡನೆಯ ಹೆರಿಗೆಗೆ ನೋವು ಬಂದದ್ದು ರಾತ್ರಿ ಹತ್ತಕ್ಕೆ. ಲಾಂಚ್ ಹೊರಡುವುದು ಬೆಳಿಗ್ಗೆ. ಜೀಪಿನಲ್ಲಿ ಕೋಗಾರು ಸುತ್ತಿಕೊಂಡು ಹೋದೆವು, ಕಾಡಿನ ದಾರಿ, ಮಳೆ. ಸಾಗರ ಮುಟ್ಟುವ ಮೊದಲೇ ಮಗಳು ಹುಟ್ಟಿದಳು. ಅವಳಿಗೆ ಈಗ ಮದುವೆಯಾಗಿದೆ, ಬಿಡಿ. ಆದರೆ ಆ ಲಾಂಚ್ ನನಗೆ ಬೇಡವೇ ಬೇಡ.’ ಅಮ್ಮನವರು ಇಷ್ಟನ್ನು ಹೇಳಿ ಒಳಗೆ ಹೋದರು, ಹಲಸಿನ ಹಪ್ಪಳ ಕರಿಯಲು.

ನನ್ನ ಅಭಿಪ್ರಾಯವೂ ಅದೇ. ಅನ್ಯರ ಅನಾನುಕೂಲವನ್ನು ನೋಡಿ ಆನಂದಪಡುವ ಚಟ ಪ್ರವಾಸಿಗರಾದ ನಮ್ಮಲ್ಲಿ ಇದೆ. ಲಾಂಚಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ಎಷ್ಟು ಮಂದಿ ಬೇಸಿಗೆಯಲ್ಲಿ ನೀರಿಳಿದು ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಿದಾಗ ಇಲ್ಲಿನವರು ಗೊಬ್ಬರದ ಚೀಲ ಹೇಗೆ ತಂದರೆಂದು ಕೇಳಿದ್ದಾರೆ? ಆದರೂ ಸೇತುವೆ ತಂದದ್ದು ಒಳ್ಳೆಯದನ್ನೇ ಅಲ್ಲ. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬರುವ ವಾಹನಗಳು ರಜೆಯ ದಿನಗಳಲ್ಲಿ ಸಾಲುಗಟ್ಟುತ್ತವೆ. ಹಿನ್ನೀರಿನ ದಡದಲ್ಲಿ ಬಾಟಲಿ, ತಟ್ಟೆಗಳ ರಾಶಿ ನಾವೇ ಕಂಡೆವು. ಭಟ್ಟರು ತೋಟದ ತುದಿಗೆ ತಂತಿ ಬೇಲಿ ಎಳೆಸಿದ್ದು ಇತ್ತೀಚೆಗೆ.

ಮರುದಿನ ಬೆಳಿಗ್ಗೆ ಸೊಪ್ಪಿನ ಬೆಟ್ಟದ ಕಡೆ ನಡೆದು ಬರೋಣವೆಂದರೆ, ಭಟ್ಟರು ಮೊದಲು ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಸೀಸೆ ಕೊಟ್ಟರು. ಚಳಿಗಾಲದಿಂದ ಬೇಸಿಗೆಯವರೆಗೆ ಇಲ್ಲಿನ ಕಾಡುಗಳಲ್ಲಿ ಉಣುಗಿನ ಕಾಟ. ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಆ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜೀವಗಳು ಹೋದವು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಬಂದು ಹೇಳಿ ಎಂಬುದು ಈ ಮನೆಯ ಮೊದಲ ನಿಯಮ. ಹೋಂಸ್ಟೇಗಳೆಲ್ಲ ಇಷ್ಟು ಸ್ಪಷ್ಟವಾಗಿ ಹೇಳಿದರೆ ಒಳ್ಳೆಯದು; ಅತಿಥಿ ಹೆದರಿಯಾನೆಂದು ಹಲವರು ಸುಮ್ಮನಿರುತ್ತಾರೆ. ಬೆಟ್ಟದ ನೆತ್ತಿಯಿಂದ ಹಿನ್ನೀರು ಕಂಡಿತು, ಅದರೊಳಗೆ ಗುಡ್ಡದ ತುದಿಗಳೇ ನಡುಗಡ್ಡೆಗಳಾಗಿ ನಿಂತಿದ್ದವು. ಸಿಂಗಳೀಕ ಕಾಣಬಹುದೆಂದು ಕತ್ತೆತ್ತಿ ನಡೆದದ್ದೇ ಬಂತು, ಕಂಡದ್ದು ಹಾರ್ನ್‌ಬಿಲ್ ಜೋಡಿ.

ಹೋಗುವವರಿಗೆ ಎರಡು ಮಾತು. ಸಂಕ್ರಾಂತಿಯ ಸಮಯದಲ್ಲಿ ಸಿಗಂದೂರು ಜಾತ್ರೆ, ಆಗ ಈ ಕಡೆ ನೆಮ್ಮದಿ ಹುಡುಕಬೇಡಿ. ಮಳೆಗಾಲದಲ್ಲಿ ಮನೆ ಬಹಳ ಚೆಂದ, ಆದರೆ ಜಿಗಣೆ ಇರುತ್ತದೆ, ಬಟ್ಟೆ ಒಣಗುವುದಿಲ್ಲ. ಮೊಬೈಲ್ ಸಿಗ್ನಲ್ ಹೆಬ್ಬಾಗಿಲಿನ ಎಡಗಡೆಯ ಕಟ್ಟೆಯ ಮೇಲೆ ಮಾತ್ರ. ಅಲ್ಲಿಯೂ ಭಟ್ಟರ ಮೊಮ್ಮಗ ಮೊದಲೇ ಕುಳಿತಿರುತ್ತಾನೆ. ಮೆತ್ತಿನ ಕೋಣೆಯನ್ನೇ ಕೇಳಿ. ಹಿಂತಿರುಗುವಾಗ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋಗಿ; ಕೆಳದಿಯ ಮೂವರು ನಾಯಕರು ದೇವರಿಗೆ ಅಡ್ಡಬಿದ್ದಂತೆ ನೆಲದಲ್ಲೇ ಕೆತ್ತಿಸಿಕೊಂಡಿದ್ದಾರೆ, ನೋಡದೆ ತುಳಿದುಬಿಡುತ್ತೀರಿ.

ಹೊರಡುವ ಮುನ್ನ ಭಾವ ಮೇ ತಿಂಗಳಿಗೆ ಕೋಣೆ ಕಾಯ್ದಿರಿಸಲು ಕುಳಿತರು. ನೀರಿಳಿದರೆ ಹಳೆಯ ಮನೆಯ ಪಾಯ, ಬಾವಿಕಟ್ಟೆ ಕಾಣುತ್ತದೆಂದು ಭಟ್ಟರು ಹೇಳಿದ್ದು ಅವರ ತಲೆಯಲ್ಲಿ ಕೂತಿತ್ತು. ‘ಖಂಡಿತ ಕಾಣುತ್ತದಲ್ಲವೇ?’ ಎಂದು ಮುಂಗಡದ ಹಣ ಎಣಿಸುತ್ತ ಕೇಳಿದರು.

‘ಅದು ನನ್ನ ಕೈಯಲ್ಲಿಲ್ಲ, ಕರೆಂಟಿನವರ ಕೈಯಲ್ಲಿದೆ. ಅವರು ಎಷ್ಟು ನೀರು ಬಿಡುತ್ತಾರೋ ಅಷ್ಟು. ಕಾಣದಿದ್ದರೆ ಮುಂಗಡ ವಾಪಸ್ ಕೊಡುವ ಪದ್ಧತಿ ಇಲ್ಲ’ ಎಂದರು ಭಟ್ಟರು, ರಸೀದಿ ಬರೆಯುತ್ತ.