ಸೊನ್ನೆ ಬಂದರೆ ಏನರ್ಥ?

ಕೋಲಾರದ ನಮ್ಮ ಕಾಲೇಜಿನ ಮಕ್ಕಳು ಕಟ್ಟುತ್ತಿರುವ ಉಪಗ್ರಹ ಹತ್ತು ಸೆಂಟಿಮೀಟರಿನ ಒಂದು ಪೆಟ್ಟಿಗೆ. ಬ್ಯಾಟರಿ, ರೇಡಿಯೊ, ಕಂಪ್ಯೂಟರ್ ಕೂತ ಮೇಲೆ ಪ್ರಯೋಗಕ್ಕೆ ಉಳಿಯುವುದು ಅಂಗೈಯಗಲದ ಒಂದು ಬೋರ್ಡು ಮಾತ್ರ. ವಿಕಿರಣ ಅಳೆಯೋಣ ಅಂದಾಗ ಎಲ್ಲರೂ ಹೂಂ ಅಂದರು. ಆಮೇಲೆ ಬೇಡಿಕೆಗಳು ಬಂದವು: ವಿಕಿರಣದ ಕಣ ಎಣಿಸುವ ಗೈಗರ್ ಟ್ಯೂಬು ಇಡೋಣ, ರಾಗಿ ಬೀಜ ಕಳಿಸೋಣ. ರಾಗಿಯ ಆಸೆ ನನಗೂ ಇತ್ತು. ಆದರೆ ಈ ಪೆಟ್ಟಿಗೆ ವಾಪಸ್ ಬರುವುದಿಲ್ಲ, ವಾತಾವರಣಕ್ಕೆ ಇಳಿದಾಗ ಉರಿದುಹೋಗುತ್ತದೆ. ಮೊಳಕೆ ನೋಡುವವರು ಯಾರು?

ಗೈಗರ್ ಟ್ಯೂಬು ಬೇಡ ಅನ್ನಲು ಎರಡು ಕಾರಣ ಕೊಟ್ಟೆ. ಅದಕ್ಕೆ ಸುಮಾರು 400 ವೋಲ್ಟ್ ಬೇಕು, ನಮ್ಮ ಸೌರಫಲಕ ಕೊಡುವುದು ಒಂದೆರಡು ವ್ಯಾಟ್. ಇನ್ನೊಂದು, 1958ರ ಎಕ್ಸ್‌ಪ್ಲೋರರ್ 1, ಅಮೆರಿಕದ ಮೊದಲ ಉಪಗ್ರಹ. ಭೌತವಿಜ್ಞಾನಿ ವ್ಯಾನ್ ಆಲೆನ್ ಅದರಲ್ಲಿ ಗೈಗರ್ ಕೌಂಟರ್ ಇಟ್ಟಿದ್ದರು. ಎತ್ತರಕ್ಕೆ ಹೋದಂತೆ ಎಣಿಕೆ ಏರಬೇಕಿತ್ತು, ಬಂದದ್ದು ಸೊನ್ನೆ! ಕಣಗಳು ಇಲ್ಲದೆ ಅಲ್ಲ, ವಿಪರೀತ ಹೆಚ್ಚಾಗಿ ಕೌಂಟರ್ ಉಸಿರುಗಟ್ಟಿತ್ತು. ಭೂಮಿಯ ಸುತ್ತ ಕಾಂತಕ್ಷೇತ್ರ ಹಿಡಿದಿಟ್ಟ ಕಣಗಳ ಪಟ್ಟಿಗಳು, ಅಂದರೆ ವಿಕಿರಣ ಪಟ್ಟಿಗಳು, ಪತ್ತೆಯಾದದ್ದು ಆ ಸೊನ್ನೆಯನ್ನು ಸರಿಯಾಗಿ ಓದಿದ್ದರಿಂದ. ನಮ್ಮ ಉಪಗ್ರಹವೂ ಸೊನ್ನೆ ಕಳಿಸಿದರೆ ಅದು ಶಾಂತಿಯೋ, ಕೆಟ್ಟುಹೋದದ್ದೋ, ಉಕ್ಕಿಹರಿದದ್ದೋ ಅಂತ ಹೇಳಲು ಬರಬೇಕು. ಇದಕ್ಕೆ ಉತ್ತರವಿಲ್ಲದ ಪ್ರಯೋಗವನ್ನು ನಾನು ಒಪ್ಪುವುದಿಲ್ಲ ಅಂತ ಮೊದಲ ದಿನವೇ ಹೇಳಿಬಿಟ್ಟೆ.

ಈಗ ನಿಂತಿರುವ ವಿನ್ಯಾಸ ಇದು. ಎರಡು ಸಿಲಿಕಾನ್ ಫೋಟೊಡಯೋಡ್, ಅಂದರೆ ಬೆಳಕೋ ಕಣವೋ ಬಿದ್ದರೆ ಸಣ್ಣ ವಿದ್ಯುತ್ ಪಲ್ಸ್ ಕೊಡುವ ಚಿಪ್ಪು. ಒಂದರ ಮೇಲೆ ಬೆಳಕು ತಡೆಯಲು ತೆಳ್ಳನೆಯ ಫಾಯಿಲ್, ಇನ್ನೊಂದರ ಸುತ್ತ 2 ಮಿಲಿಮೀಟರ್ ಅಲ್ಯೂಮಿನಿಯಂ. ಆ ದಪ್ಪ 10 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನನ್ನು ಬಹುಮಟ್ಟಿಗೆ ತಡೆಯುತ್ತದೆ. ಪ್ರೋಟಾನ್ ದಾಟಬೇಕಾದರೆ ಅದರ ಇಪ್ಪತ್ತರಷ್ಟು ಶಕ್ತಿ ಬೇಕು. ಹಾಗಾಗಿ ಬಂದದ್ದು ಯಾವ ಬಗೆಯ ಕಣ ಅಂತ ಎರಡರ ಎಣಿಕೆಯ ವ್ಯತ್ಯಾಸವೇ ಮಾತಾಡುತ್ತದೆ. ಆಗಾಗ ಸರ್ಕ್ಯೂಟಿಗೆ ನಾವೇ ಒಂದು ಪರೀಕ್ಷಾ ಪಲ್ಸ್ ಕೊಡುತ್ತೇವೆ. ಅದು ಎಣಿಕೆಗೆ ಸಿಕ್ಕರೆ ಸೊನ್ನೆ ನಿಜವಾದ ಸೊನ್ನೆ. ರೇಡಿಯೊ ಪ್ರಸಾರದ ಹೊತ್ತಿನಲ್ಲಿ ಡಯೋಡಿಗೆ ಸುಳ್ಳು ಪಲ್ಸ್ ನುಗ್ಗುತ್ತದೆ, ಮೇಜಿನ ಮೇಲೆ ಮೊಬೈಲ್ ರಿಂಗಾದರೂ ಸಾಕು. ಆ ಕ್ಷಣಗಳಿಗೆಲ್ಲ ಗುರುತು ಹಾಕುತ್ತೇವೆ.

ಪರೀಕ್ಷೆಗೆ ವಿಕಿರಣದ ಮೂಲ ಎಲ್ಲಿಂದ ತರುವುದು? ಶ್ರೀನಿವಾಸಪುರ ಕಡೆಯ ಹುಡುಗಿಯೊಬ್ಬಳು, "ಮೇಡಂ, ಟೊಮೆಟೊಗೆ ಹಾಕೋ ಪೊಟ್ಯಾಷ್ ಆಗಲ್ವಾ? ನಮ್ಮಪ್ಪನ ಹತ್ರ ಮೂಟೇನೇ ಇದೆ" ಅಂದಳು. ಎಷ್ಟು ಖುಷಿಯಾಯಿತು! ಪೊಟ್ಯಾಸಿಯಂನಲ್ಲಿ ಸಾವಿರಕ್ಕೊಂದಕ್ಕೂ ಕಡಿಮೆ, 0.012 ಶೇಕಡಾದಷ್ಟು, ವಿಕಿರಣ ಸೂಸುವ ಪೊಟ್ಯಾಸಿಯಂ-40 ಇರುತ್ತದೆ. ಒಂದು ಕಿಲೋ ಗೊಬ್ಬರದಲ್ಲಿ ಸೆಕೆಂಡಿಗೆ ಸುಮಾರು 15 ಸಾವಿರ ಪರಮಾಣು ಒಡೆಯುತ್ತವೆ. ಹೊರಬರುವುದು ಹೆಚ್ಚಾಗಿ ಬೀಟಾ ಕಣ, ಅಂದರೆ ಎಲೆಕ್ಟ್ರಾನ್. ಫಾಯಿಲ್ ಡಯೋಡಿಗೆ ಕಾಣಬೇಕು, ಅಲ್ಯೂಮಿನಿಯಂ ಡಯೋಡಿಗೆ ಹೆಚ್ಚುಕಡಿಮೆ ಕಾಣಬಾರದು. ಹಾಗೇ ಆಯಿತು. ಡಯೋಡು ಚಿಕ್ಕದು, ಎಣಿಕೆ ನಿಧಾನ, ರಾತ್ರಿಯಿಡೀ ಬಿಡಬೇಕು.

ಮೇಲೆ ಏನು ಕಾಣಬೇಕು ಅನ್ನುವುದೂ ಗೊತ್ತು. ದಕ್ಷಿಣ ಅಟ್ಲಾಂಟಿಕ್ ಮತ್ತು ಬ್ರೆಜಿಲ್ ಮೇಲೆ ವಿಕಿರಣ ಪಟ್ಟಿಗಳಲ್ಲಿ ಒಳಗಿನದು ತಗ್ಗಿಗೆ ಇಳಿದಿದೆ, ಅಲ್ಲಿ ಎಣಿಕೆ ಜಿಗಿಯುತ್ತದೆ. ದಕ್ಷಿಣ ಭಾರತ ಕಾಂತೀಯ ಸಮಭಾಜಕದ ಹತ್ತಿರ. ಭೂಮಿಯ ಕಾಂತಕ್ಷೇತ್ರ ವಿಶ್ವಕಿರಣಗಳನ್ನು, ಅಂದರೆ ಬಾಹ್ಯಾಕಾಶದಿಂದ ಬರುವ ವೇಗದ ಕಣಗಳನ್ನು, ಅತಿ ಬಿಗಿಯಾಗಿ ತಡೆಯುವ ಜಾಗಗಳಲ್ಲಿ ಇದೂ ಒಂದು, ಹಾಗಾಗಿ ಕೋಲಾರದ ಮೇಲೆ ಎಣಿಕೆ ತೀರಾ ಕಡಿಮೆ. ಇಲ್ಲಿಂದ ಮೂವತ್ತು ಕಿಲೋಮೀಟರ್ ಆಚೆ ಕೆಜಿಎಫ್‌ನಲ್ಲಿ, ವಿಶ್ವಕಿರಣದ ಗದ್ದಲ ಕಳೆಯಲೆಂದೇ ವಿಜ್ಞಾನಿಗಳು ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣ ಇಟ್ಟು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ, ಬಂಡೆಯನ್ನೂ ದಾಟಿಬರುವ ಕಣವನ್ನು ಗುರುತಿಸಿದರು. ಆ ಜಿಲ್ಲೆಯ ಮಕ್ಕಳು ಈಗ ಅದೇ ಗದ್ದಲ ಎಣಿಸಲು ಮೇಲೆ ಹೊರಟಿದ್ದಾರೆ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರತಿ ಸೆಕೆಂಡಿನ ಎಣಿಕೆ ಬೇಕು ಅನ್ನುವುದು ಮಕ್ಕಳ ಹಟ. ಉಪಗ್ರಹ ನಮ್ಮ ಆಂಟೆನಾಗೆ ಒಂದು ಸಲಕ್ಕೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ, ಅಷ್ಟು ಡೇಟಾ ಇಳಿಯುವುದಿಲ್ಲ. ಹತ್ತು ಸೆಕೆಂಡಿಗೆ ಒಂದು ಅಂತ ಇಟ್ಟೆವು. ಅಷ್ಟರಲ್ಲಿ ಅದು 75 ಕಿಲೋಮೀಟರ್ ಓಡಿರುತ್ತದೆ. ದಕ್ಷಿಣ ಅಟ್ಲಾಂಟಿಕ್‌ನ ಸಾವಿರಾರು ಕಿಲೋಮೀಟರ್ ಅಗಲದ ವಲಯಕ್ಕೆ ಅದು ಸಾಕು.

ಉಳಿದಿರುವುದು ಉಷ್ಣತೆ. ಬಿಸಿಯಾದರೆ ಡಯೋಡಿನ ಸೋರಿಕೆ ವಿದ್ಯುತ್ ಏರಿ ಎಣಿಕೆ ಕೆಡುತ್ತದೆ, ಅದಕ್ಕೆ ಪ್ರತಿ ಎಣಿಕೆಯ ಪಕ್ಕ ಉಷ್ಣತೆಯನ್ನೂ ಬರೆಯಬೇಕು. ಅದಕ್ಕೆ ನಾನು ಡೇಟಾದಲ್ಲಿ ಎರಡು ಬೈಟ್ ಜಾಗ ಕೇಳಿದೆ, ರೇಡಿಯೊ ತಂಡ ಒಂದೇ ಕೊಡುತ್ತೇವೆ ಅಂತ ಕೂತಿದೆ. ಒಂದರಲ್ಲೂ ಅರ್ಧ ಡಿಗ್ರಿಯವರೆಗೆ ಹೇಳಬಹುದು ಅಂತ ಲೆಕ್ಕ ಹಾಕಿ ತೋರಿಸಿದರು. ಒಪ್ಪಿದ್ದೇನೆ.