ಶಾಲೆ ಲೈಬ್ರರಿ ಕೆಲಸ: ಮಳೆ ಹಿಡಿಯೋ ಮೊದಲು

ಏಪ್ರಿಲ್ ಕೊನೆ

ಕಾಫಿ ಹೂ ಅರಳಿಸೋ ಹೂಮಳೆ, ಅದರ ಹಿಂದೆ ಬೇಕಾದ ಬ್ಯಾಕಿಂಗ್ ಮಳೆ ಎರಡೂ ಆಯ್ತು. ತೋಟದಲ್ಲಿ ಸ್ವಲ್ಪ ಬಿಡುವು. ಶಾಲೆಗೂ ರಜೆ, ಹೆಡ್ ಮೇಡಂ ಬೀಗದ ಕೈ ಕೊಟ್ಟಿದ್ದಾರೆ. ಕೊಡಗಿನ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಲೈಬ್ರೇರಿಯನ್ ಹುದ್ದೆ ಇಲ್ಲ. ಕನ್ನಡ ಮೇಷ್ಟ್ರಿಗೇ ಲೈಬ್ರರಿ ಚಾರ್ಜು. ಅವರು, ನಾನು, ಹಳೇ ವಿದ್ಯಾರ್ಥಿಗಳಿಬ್ಬರು, ಇಷ್ಟೇ ಜನ. ಮೂರು ಕಬ್ಬಿಣದ ಬೀರು, ಗೋಡೆಗೆ ಒತ್ತಿಟ್ಟ ಒಂದು ಮರದ ರ್‍ಯಾಕ್. ಜೂನ್ ಬಂದರೆ ಈ ಕೆಲಸ ಆಗೋದಿಲ್ಲ. ನಮ್ಮ ಮಳೆಯಲ್ಲಿ ಒದ್ದೆಯಾದ ಪುಸ್ತಕ ಒಣಗೋದು ದಸರಾ ಹೊತ್ತಿಗೇ.

ಎಲ್ಲವನ್ನೂ ಹೊರಗೆ ತಂದು ಜಗಲಿ ಮೇಲೆ ಹರಡಿದೆವು. ಬೀರುಗಳಲ್ಲಿ ಬೆರಳು ತೂರದಷ್ಟು ಒತ್ತೊತ್ತಾಗಿ ತುಂಬಿದ್ದರು. ಗಾಳಿ ಆಡದ ಕಡೆ ಬೂಷ್ಟು ಬರದೇ ಇರುತ್ತಾ? ನುಸಿಗುಳಿಗೆ ಹಾಕಿದ್ದೇವಲ್ಲ ಅಂದರು ಮೇಷ್ಟ್ರು. ಅದು ಹುಳಕ್ಕೆ. ಬೂಷ್ಟಿಗೆ ಅದರಿಂದ ಏನೂ ಆಗೋದಿಲ್ಲ.

ಮೇ ಮೊದಲ ವಾರ

ಯಾವುದನ್ನು ತೆಗೀಬೇಕು ಅನ್ನೋದಕ್ಕೆ ಅಮೆರಿಕದ ಟೆಕ್ಸಾಸ್ ರಾಜ್ಯ ಲೈಬ್ರರಿಯವರ ‘ಕ್ರೂ’ ಅನ್ನೋ ಕೈಪಿಡಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಪ್ರತಿ ಪುಸ್ತಕಕ್ಕೂ ಆರು ಪ್ರಶ್ನೆ. ತಪ್ಪು ಮಾಹಿತಿ ಇದೆಯಾ, ರಿಪೇರಿ ಆಗದಷ್ಟು ಹಾಳಾಗಿದೆಯಾ, ಇದಕ್ಕಿಂತ ಹೊಸದು ಬಂದಿದೆಯಾ, ಸುಮ್ನೆ ಜೊಳ್ಳಾ, ನಮ್ಮ ಮಕ್ಕಳಿಗೆ ಸಂಬಂಧ ಇಲ್ಲದ್ದಾ, ಬೇರೆ ಕಡೆ ಸುಲಭವಾಗಿ ಸಿಗುತ್ತಾ. ಮೊದಲ ಐದು ನಮಗೂ ಸರಿ. ಆರನೆಯದನ್ನು ಬಿಟ್ಟೆ. ಬೇರೆ ಕಡೆ ಅಂದರೆ ಇಲ್ಲಿ ಪೇಟೆಯ ಲೈಬ್ರರಿ. ತೋಟದ ಕೆಲಸಗಾರರ ಲೈನ್‌ಮನೆಯ ಮಗು ತೋಟ ದಾಟಿ, ಬಸ್ ಹಿಡಿದು ಅಲ್ಲಿಗೆ ಹೋಗೋದು ಯಾವಾಗ?

ಅಟ್ಲಾಸ್‌ಗಳ ವಿಷಯದಲ್ಲಿ ಚರ್ಚೆಯೇ ಬೇಡವಾಯ್ತು. ಆಂಧ್ರ ಇಡೀ ಒಂದೇ ಗುಲಾಬಿ ಬಣ್ಣ. ತೆಲಂಗಾಣ ಬೇರೆ ಆಗಿದ್ದು 2014ರಲ್ಲಿ. ಸೌರಮಂಡಲದ ಪುಟದಲ್ಲಿ ಪ್ಲೂಟೊ ಇನ್ನೂ ಒಂಬತ್ತನೇ ಗ್ರಹ. 2006ರಲ್ಲೇ ಅದನ್ನು ಗ್ರಹಗಳ ಪಟ್ಟಿಯಿಂದ ಕೈಬಿಟ್ಟರು. ಕೊಡಗಿನಲ್ಲಿ ಮೂರೇ ತಾಲ್ಲೂಕು. ಹೊಸ ತಾಲ್ಲೂಕುಗಳಾದ ಪೊನ್ನಂಪೇಟೆ, ಕುಶಾಲನಗರ ಎರಡೂ ಇಲ್ಲ. ಇಂಥದ್ದು ಪುಸ್ತಕ ಇಲ್ಲದೇ ಇರೋದಕ್ಕಿಂತ ಕೆಟ್ಟದ್ದು, ಯಾಕೆಂದರೆ ಮಗು ಅಚ್ಚಾಗಿದ್ದನ್ನು ನಂಬುತ್ತೆ.

ಅದೇ ಕಟ್ಟಿನಲ್ಲಿ ಒಂದು ಗೋಡೆ ಭೂಪಟ ಸಿಕ್ಕಿತು. ಕೊಡಗು ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯ ಆಗಿದ್ದಾಗಿನದು, ಅಂದರೆ 1956ರ ನವೆಂಬರ್ 1ಕ್ಕೂ ಹಿಂದಿನದು. ನಿಯಮ ಹಿಡಿದು ಹೊರಟರೆ ಇದೂ ಹಳೆಯದೇ, ಇದೂ ಹೋಗಬೇಕು. ಆದರೆ ಇದನ್ನು ನೋಡಿ ಯಾವ ಮಗುವೂ ಇವತ್ತಿನ ನಕ್ಷೆ ಅಂದುಕೊಳ್ಳೋದಿಲ್ಲ. ನಮಗೂ ಒಬ್ಬ ಮುಖ್ಯಮಂತ್ರಿ ಇದ್ದರು, ಸಿ.ಎಂ. ಪೂಣಚ್ಚ ಅಂತ, ಎಂದು ಹೇಳೋಕೆ ಒಂದು ನೆಪ ಸಿಗುತ್ತೆ. ಚೌಕಟ್ಟು ಹಾಕಿಸೋಣ ಅಂದಿದ್ದಾರೆ ಮೇಡಂ.

ಮೇ ನಡುವೆ

ರಿಪೇರಿ. ಮಧ್ಯೆ ಪಿನ್ನು ಹೊಡೆದ ತೆಳು ಕಥೆಪುಸ್ತಕಗಳಿಗೇ ಜಾಸ್ತಿ ಪೆಟ್ಟು. ತೇವಕ್ಕೆ ಪಿನ್ನು ತುಕ್ಕು ಹಿಡಿದಿದೆ, ಸುತ್ತ ಕಂದು ಕಲೆ. ಅಲ್ಲೇ ಕಾಗದ ಪುಡಿಯಾಗಿ ನಡುವಿನ ಹಾಳೆ ಕೈಗೆ ಬರುತ್ತೆ. ಉಳಿಸಬೇಕು ಅನಿಸಿದ ಪುಸ್ತಕಗಳ ಪಿನ್ನು ಕಿತ್ತು, ದಬ್ಬಳದಲ್ಲಿ ಮೂರು ತೂತು ಮಾಡಿ ಹತ್ತಿ ನೂಲಿನಲ್ಲಿ ಹೊಲಿದೆವು. ನೂಲಿಗೆ ತುಕ್ಕಿನ ಕಾಟ ಇಲ್ಲ. ಹಳೇ ವಿದ್ಯಾರ್ಥಿಗಳಿಬ್ಬರಲ್ಲಿ ಒಬ್ಬಳ ಹೊಲಿಗೆ ನನ್ನದಕ್ಕಿಂತ ಎಷ್ಟೋ ಚೆಂದ.

ಬಣ್ಣಬಣ್ಣದ ದಪ್ಪ ವಿಶ್ವಕೋಶಗಳನ್ನು ಮಾತ್ರ ಉಳಿಸೋಕಾಗಲಿಲ್ಲ. 2018ರ ಆಗಸ್ಟ್ ಮಳೆಗೆ ಆ ಮೂಲೆ ಸೋರಿತ್ತಂತೆ. ನುಣುಪು ಕಾಗದ ಒದ್ದೆಯಾಗಿ ಒಣಗಿದರೆ ಮುಗೀತು, ಪುಟಕ್ಕೆ ಪುಟ ಅಂಟಿ ಇಟ್ಟಿಗೆಯಂತಾಗುತ್ತೆ. ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತೆ.

ಇದನ್ನೆಲ್ಲ ಗುಜರಿಗೆ ಅಂದಾಗ ಮೇಷ್ಟ್ರ ಮುಖ ಸಪ್ಪೆಯಾಯ್ತು.

“ಏನ್ ಸಾರ್, ಸರಸ್ವತೀನ ತೂಕಕ್ಕೆ ಹಾಕ್ತೀರಾ?”

“ಮೇಷ್ಟ್ರೇ, ಇದನ್ನ ಕೊನೇ ಸಲ ಯಾರಿಗೆ ಕೊಟ್ಟಿದ್ರಿ?”

ರಿಜಿಸ್ಟರ್ ತಿರುವಿ ಹಾಕಿದರು. ಯಾರಿಗೂ ಕೊಟ್ಟಿರಲಿಲ್ಲ.

ಅವರನ್ನು ದೂರಿ ಪ್ರಯೋಜನ ಇಲ್ಲ. ಪುಸ್ತಕ ಕಳೆದರೆ ಜೇಬಿಂದ ಕಟ್ಟಬೇಕಾಗುತ್ತೆ ಅನ್ನೋ ಹೆದರಿಕೆಗೇ ಎಷ್ಟೋ ಶಾಲೆಗಳಲ್ಲಿ ಬೀರುವಿಗೆ ಬೀಗ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮದಲ್ಲಿ ಓದೋಕೆ ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಸಹಜ, ನಿರ್ಲಕ್ಷ್ಯ ಇಲ್ಲದಿದ್ದರೆ ಸಾಕು ಅಂತಿದೆ. ಅದು ಕೇಂದ್ರದ ಕಚೇರಿಗಳಿಗೆ, ನಮಗೆ ನೇರವಾಗಿ ಅಲ್ಲ. ಆದರೂ ಓದಿ ಹೇಳಿದೆ. ಸ್ವಲ್ಪ ಧೈರ್ಯ ಬಂತು.

ತೆಗೆದದ್ದಕ್ಕೆಲ್ಲ ಪಟ್ಟಿ ಮಾಡಿದ್ದೇವೆ: ನಂಬರು, ಬೆಲೆ, ಕಾರಣ. ಎಸ್‌ಡಿಎಂಸಿ (ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿ) ಸಭೆ ಒಪ್ಪಿ ನಡಾವಳಿಯಲ್ಲಿ ಬರೆದ ಮೇಲೇ ರಿಜಿಸ್ಟರಿನಲ್ಲಿ ಕೆಂಪು ಗೀಟು. ಅಲ್ಲಿಯವರೆಗೆ ಕಟ್ಟುಗಳು ಸ್ಟೋರ್ ರೂಮಿನಲ್ಲೇ.

ಮೇ ಕೊನೆ

ಸಭೆ ಆಯ್ತು, ಒಪ್ಪಿದರು. ಒಬ್ಬ ಸದಸ್ಯರು ಮಾತ್ರ, ಬೀರು ಅರ್ಧ ಖಾಲಿ ಕಂಡರೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಸಾಹೇಬರು ಏನಂತಾರೋ ಅಂದರು. ನನಗಂತೂ ಈಗಲೇ ಬೀರು ತುಂಬಿದಂತೆ ಕಾಣುತ್ತೆ. ಬೆನ್ನು ತಿರುಗಿಸಿ ನಿಂತಿದ್ದ ಕಥೆಪುಸ್ತಕಗಳು ಈಗ ಮುಖ ತೋರಿಸಿಕೊಂಡು ನಿಂತಿವೆ.

ಯಾರೂ ಮುಟ್ಟದಿದ್ದರೂ ಉಳಿಸಿಕೊಂಡದ್ದು ಊರಿನ ಪುಸ್ತಕಗಳನ್ನು. ನಡಿಕೇರಿಯಂಡ ಚಿಣ್ಣಪ್ಪ ಕೊಡವ ಹಾಡುಗಳನ್ನು ಕೂಡಿಸಿ ಕನ್ನಡ ಲಿಪಿಯಲ್ಲಿ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ಯ ಮರುಮುದ್ರಣ ಒಂದಿದೆ. ಅದನ್ನು ಯಾರೂ ಮನೆಗೆ ಒಯ್ದಿಲ್ಲ. ಒಯ್ಯದಿರಲಿ, ಇಲ್ಲಿ ಇರಬೇಕು. ಇದಕ್ಕೆ ಮೇಷ್ಟ್ರು ನಕ್ಕರು. “ನಿಮ್ಮ ಊರಿನದಾದರೆ ಸರಸ್ವತಿ, ಉಳಿದದ್ದು ರದ್ದಿ, ಅಲ್ವಾ ಸಾರ್?” ಒಪ್ಪಬೇಕಾದ ಮಾತೇ.

ದಾನದ ಬಗ್ಗೆ ಈ ವರ್ಷದಿಂದ ಮೊದಲು ಪಟ್ಟಿ, ಆಮೇಲೆ ಪೆಟ್ಟಿಗೆ. ಬೆಂಗಳೂರಿಂದ ಪ್ರೀತಿಯಿಂದ ಬರೋ ರಟ್ಟಿನ ಪೆಟ್ಟಿಗೆಗಳಲ್ಲಿ ಹಳೇ ಸಿಲಬಸ್ಸಿನ ಗೈಡು, ವಿಂಡೋಸ್ 98 ಕಲಿಸೋ ಪುಸ್ತಕ. ಬೇಡ ಅನ್ನೋಕೆ ಸಂಕೋಚ, ಇಟ್ಟುಕೊಂಡರೆ ಮತ್ತೆ ಇದೇ ಕಥೆ.

ಕೊಳ್ಳೋದಕ್ಕೆ ಸಮಗ್ರ ಶಿಕ್ಷಣದ ಲೈಬ್ರರಿ ಅನುದಾನ ಇದೆ. ಶಾಲೆಯ ಮಟ್ಟ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿ. ಅದರಲ್ಲಿ ಮೊದಲ ಪಾಲು ಕಡಿಮೆ ಅಕ್ಷರದ ಚಿತ್ರಪುಸ್ತಕಗಳಿಗೆ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳು ಐದನೇ ಕ್ಲಾಸಿನಲ್ಲಿ ಕೂತಿದ್ದಾರೆ, ಕನ್ನಡ ಈಗಷ್ಟೇ ಕೂಡಿಸಿ ಓದುತ್ತಿದ್ದಾರೆ. ಒಂದನೇ ಕ್ಲಾಸಿನ ಪುಸ್ತಕ ಕೈಗೆ ಕೊಟ್ಟರೆ ಅವಮಾನ. ಅವರ ವಯಸ್ಸಿಗೆ ಹಿಡಿಸೋ ಕಥೆ, ಸಣ್ಣ ವಾಕ್ಯ, ಎರಡೂ ಇರೋದು ಬೇಕು. ಪ್ರಥಮ್ ಬುಕ್ಸಿನ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಒಂದೇ ಕಥೆ ಹಲವು ಭಾಷೆಗಳಲ್ಲಿ ಪುಕ್ಕಟೆ ಸಿಗುತ್ತೆ. ಕನ್ನಡ, ಹಿಂದಿ ಎರಡನ್ನೂ ಪ್ರಿಂಟ್ ತೆಗೆದು ಒಟ್ಟಿಗೆ ಹೊಲಿದು ನೋಡುವ ಯೋಚನೆ ಇದೆ.

ಬಾಕಿ: ಗೆದ್ದಲು ಹತ್ತದ ಹಾಗೆ ಮರದ ರ್‍ಯಾಕನ್ನು ಗೋಡೆಯಿಂದ ಈಚೆಗೆ ಸರಿಸಿ, ಕಾಲಿಗೆ ಇಟ್ಟಿಗೆ ಕೊಡಬೇಕು. ಹೊಸ ಅಟ್ಲಾಸ್ ಆರ್ಡರ್ ಮಾಡೋ ಮುಂಚೆ ಅಚ್ಚಾದ ವರ್ಷ ಕೇಳಬೇಕು, ಲಡಾಖ್ ಬೇರೆ ಇದೆಯಾ ನೋಡಬೇಕು. ಗುಜರಿಯವನು ಸೋಮವಾರ ಬರ್ತೀನಿ ಅಂದಿದ್ದಾನೆ.