ಮನೆಗೆ ಬಂದ ಟೀಚರ್

ಅಣ್ಣನ ಮೂವರು ಮಕ್ಕಳಿಗೆ ಮನೆಗೇ ಬಂದು ಪಾಠ ಹೇಳಿಕೊಡಲು ಒಬ್ಬರು ಟೀಚರ್ ಸಿಕ್ಕಿದ್ದಾರೆ. ದೊಡ್ಡವಳು ಸೆಕೆಂಡ್ ಪಿಯುಸಿ ಸೈನ್ಸ್, ನಡುವಿನವನು ಎಸ್ಸೆಸ್ಸೆಲ್ಸಿ, ಚಿಕ್ಕವನು ಎಂಟನೇ ಕ್ಲಾಸು. ಒಟ್ಟಿಗೆ ಕೂರಿಸಿ ಒಂದೇ ಪಾಠ ಮಾಡುವುದು ಆಗದ ಮಾತು. ಅವರು ಮೊದಲು ಒಬ್ಬೊಬ್ಬರ ನೋಟ್‌ಬುಕ್ಕನ್ನೂ ತಿರುವಿ ನೋಡಿದರು. ನಡುವಿನವನಿಗೆ ತ್ರಿಕೋನಮಿತಿ ಕಷ್ಟ ಅಂತ ಮನೆಯವರೆಲ್ಲ ಹೇಳುತ್ತಿದ್ದರು. ಅವನು ಎಡವುತ್ತಿದ್ದದ್ದು ಭಿನ್ನರಾಶಿಯಲ್ಲಿ! ಪಾಠ ಅಲ್ಲಿಂದಲೇ ಶುರುವಾಯಿತು. ಪಾಪ, ಇಷ್ಟು ವರ್ಷ ಅದನ್ನು ಯಾರಿಗೂ ಹೇಳದೆ ಹೊತ್ತುಕೊಂಡಿದ್ದ ಹುಡುಗ.

625ಕ್ಕೆ ಎಷ್ಟು ತೆಗೀತಾನೆ ಅಂತ ನೆಂಟರು ಕೇಳುತ್ತಲೇ ಇರುತ್ತಾರೆ, ಕೇಳಲಿ. ಈ ಟೀಚರ್ ಅಕ್ಕನ ಮಾರ್ಕ್ಸ್ ಹೇಳಿ ತಮ್ಮಂದಿರನ್ನು ಅಳೆಯುವುದಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅದಕ್ಕೇ.